ಅಪ್ಪ ಕೇಳಿದ ಮೊದಲ ಪ್ರಶ್ನೆ

"ಇದ್ರೊಳಿಕ್ಕೆ ಮಚ್ಚು ಹಿಡಿಸ್ತದೇನವ್ವ?"

ಬೆಂಗಳೂರಿನಿಂದ ತಂದ ತಾಮ್ರದ ಸುರುಳಿಯನ್ನು ಎತ್ತಿ ಹಿಡಿದು, ಅದರ ಬಾಯೊಳಗೆ ಎರಡು ಬೆರಳು ತೂರಿಸಿ ನೋಡಿ ಅಪ್ಪ ಕೇಳಿದ್ದು ಇಷ್ಟೇ. ಏಳು ಸುತ್ತಿನ ಸುರುಳಿ, ಒಳಗಿನ ಅಗಲ ನಾಲ್ಕೂವರೆ ಸೆಂಟಿಮೀಟರ್. ಅಪ್ಪ ಹಣಿಯುವ ಮಚ್ಚಿನ ಅಲಗು ಅದಕ್ಕಿಂತ ಅಗಲ, ತುದಿಯಲ್ಲಿ ಕೊಕ್ಕು ಬೇರೆ. ಹಿಡಿಸುವುದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುವಂತಿತ್ತು. "ಅದನ್ನ ಆಮೇಲೆ ನೋಡಣ ಬಿಡಪ್ಪ, ಮೊದ್ಲು ಬೋಲ್ಟ್ ಕಾಯಿಸಿ ತೋರಿಸ್ತೀನಿ" ಅಂದೆ. ಆ "ಆಮೇಲೆ" ಬಂದ ದಿನ ಏನಾಯಿತು, ಯಾರ ಮುಂದೆ ನಾನು ಬಾಯಿ ಬಿಡದೆ ನಿಂತೆ ಅನ್ನುವುದನ್ನು ಈವರೆಗೆ ಎಲ್ಲೂ ಪೂರ್ತಿ ಹೇಳಿಲ್ಲ.

ನಮ್ಮದು ತುರುವೇಕೆರೆ ಕಡೆಯ ಹಳ್ಳಿ, ಕಮ್ಮಾರಿಕೆಯ ಮನೆ. ತಾತನ ಕಾಲದಲ್ಲಿ ಸುಗ್ಗಿಗೆ ಆಯದ ರಾಗಿ ಬರುತ್ತಿತ್ತಂತೆ. ಅಪ್ಪನ ಕಾಲಕ್ಕೆ ಅದು ನಿಂತು ಕೈಗೆ ದುಡ್ಡು ಬರತೊಡಗಿತು. ಯುಗಾದಿ ಕಳೆದು ಮುಂಗಾರು ಹತ್ತಿರವಾದರೆ ನಮ್ಮ ಕುಲುಮೆಯ ಮುಂದೆ ಗುದ್ದಲಿ, ಕುಡ, ಕುಡುಗೋಲು, ಹಾರೆಗಳು ಸಾಲು ಹಚ್ಚುತ್ತಿದ್ದವು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಗಾಳಿ ಚಕ್ರ ತಿರುಗಿಸಿದ್ದು ನಾನೇ. ಇದ್ದಿಲು ಕೆಂಪಾಗುವ ಸದ್ದು, ಬೂದಿ ಮೇಲೇಳುವ ವಾಸನೆ ನನಗೆ ಇವತ್ತಿಗೂ ಮನೆಯ ವಾಸನೆ. ಆ ಬೂದಿ ಮತ್ತು ಹೊಗೆಯೇ ಅಪ್ಪನ ಎದೆಯೊಳಗೂ ಇಳಿದಿತ್ತು. ರಾತ್ರಿ ಅವನು ಕೆಮ್ಮುವಾಗ ಪಕ್ಕದ ಕೋಣೆಯಲ್ಲಿ ಮಲಗಿದ ನಾನು ಕೆಮ್ಮು ನಿಲ್ಲುವವರೆಗೆ ಎಣಿಸುತ್ತಿದ್ದೆ.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗಕ್ಕೆ ಸೇರಿದೆ. ಅಲ್ಲಿ ಮೊದಲ ಸಲ ಇಂಡಕ್ಷನ್ ಹಾರ್ಡನಿಂಗ್ ಯಂತ್ರ ನೋಡಿದೆ. ಒಳಗೆ ನೀರು ಹರಿಯುವ ತಾಮ್ರದ ಸುರುಳಿ, ನಡುವೆ ಉಕ್ಕಿನ ಶಾಫ್ಟು. ಬಟನ್ ಒತ್ತಿದ ಕೆಲವೇ ಸೆಕೆಂಡಿನಲ್ಲಿ ಶಾಫ್ಟಿನ ಮೈ ಮಾವಿನ ಹಣ್ಣಿನ ಬಣ್ಣಕ್ಕೆ ತಿರುಗಿ, ಮರುಕ್ಷಣ ಅದರ ಮೇಲೆ ನೀರು ಚಿಮ್ಮಿತು. ಬೆಂಕಿಯಿಲ್ಲ, ಹೊಗೆಯಿಲ್ಲ, ಬೂದಿಯಿಲ್ಲ. ಕಣ್ಣಲ್ಲಿ ನೀರು ಬಂತು. ಇದನ್ನು ಅಪ್ಪನಿಗೆ ಮಾಡಿಕೊಡುತ್ತೇನೆ ಅಂತ ಅವತ್ತೇ ತೀರ್ಮಾನಿಸಿದೆ. ಆ ಯಂತ್ರದ ಹಿಂದಿನ ಗೋಡೆಯಲ್ಲಿ ಮೊಳೆಗಳಿಗೆ ಬಗೆಬಗೆಯ ಸುರುಳಿಗಳು ತೂಗುತ್ತಿದ್ದವು. ಕೆಲವು ಉದ್ದ, ಕೆಲವು ಒಂದೇ ಸುತ್ತಿನವು, ಒಂದು ಹೇರ್‌ಪಿನ್ನಿನಂತೆ ಬಾಗಿದ್ದು, ಒಂದು ಚಕ್ಕುಲಿಯಂತೆ ಚಪ್ಪಟೆ. ಪ್ರತಿಯೊಂದಕ್ಕೂ ಯಾವ ಬಿಡಿಭಾಗಕ್ಕೆ ಅನ್ನುವ ಚೀಟಿ. "ಜಾಬ್ ನೋಡಿ ಕಾಯಿಲ್ ಮಾಡ್ಬೇಕು, ಕಾಯಿಲ್ ನೋಡಿ ಜಾಬ್ ಅಲ್ಲ" ಅಂತ ನನ್ನ ಮೇಲಿನವರೊಬ್ಬರು ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಇಂಡಕ್ಷನ್ ಒಲೆ ಬಳಸಿದವರಿಗೆ ಇದರ ತತ್ವ ಅರ್ಧ ಗೊತ್ತಿರುತ್ತದೆ. ಒಲೆಯ ಗಾಜು ತಾನಾಗಿ ಕಾಯುವುದಿಲ್ಲ. ಅದರಡಿಯ ಸುರುಳಿಯಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ, ಅದರ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ಸುಳಿ ಸುಳಿಯಾಗಿ ಪ್ರವಾಹ ಎಬ್ಬಿಸುತ್ತದೆ, ಹಾಗಾಗಿ ಪಾತ್ರೆಯೇ ಕಾಯುತ್ತದೆ. ಸುರುಳಿ ಮುಟ್ಟದೆಯೇ ಪಕ್ಕದ ಲೋಹದಲ್ಲಿ ಪ್ರವಾಹ ಎಬ್ಬಿಸಬಹುದು ಅನ್ನುವುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಕಂಡುಕೊಂಡಿದ್ದ. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು ಮಾಸ್ಫೆಟ್‌ಗಳ, ಅಂದರೆ ಎರಡು ಎಲೆಕ್ಟ್ರಾನಿಕ್ ಸ್ವಿಚ್ಚುಗಳ, ಜೆಡ್‌ವಿಎಸ್ ಸರ್ಕ್ಯೂಟು. ನಾನೂ ಅದನ್ನೇ ಹಿಡಿದೆ. ಐಆರ್‌ಎಫ್‌ಪಿ260 ಮಾಸ್ಫೆಟ್ ಎರಡು, 12 ವೋಲ್ಟಿನ ಜೀನರ್‌ಗಳು, 470 ಓಮಿನ ರೆಸಿಸ್ಟರ್‌ಗಳು, ಎರಡು ದಪ್ಪ ಚೋಕ್, 0.33 ಮೈಕ್ರೊಫ್ಯಾರಡಿನ ಆರು ಕೆಪಾಸಿಟರ್. ಸುರುಳಿಗೆ ಫ್ರಿಜ್ ರಿಪೇರಿಯವರು ಬಳಸುವ ಕಾಲು ಇಂಚಿನ ತಾಮ್ರದ ಪೈಪು. ಚಪ್ಪಟೆಯಾಗದಿರಲೆಂದು ಅದರೊಳಗೆ ಒಣ ಮರಳು ತುಂಬಿ ಪಿವಿಸಿ ಕೊಳವೆಯ ಮೇಲೆ ಸುತ್ತಿದೆ.

ಮೊದಲ ತಪ್ಪು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ಆಯಿತು. ತಪ್ಪು ಅಂಗಡಿಯವರದಲ್ಲ, ನನ್ನದು. ಬೇಕಿದ್ದದ್ದು ಪಾಲಿಪ್ರೊಪಿಲೀನ್ ಕೆಪಾಸಿಟರ್, ಕೊಂಡದ್ದು ಅಗ್ಗದ ಪಾಲಿಯೆಸ್ಟರ್. ಮೈಕ್ರೊಫ್ಯಾರಡ್ ಬರೆದದ್ದು ಅದೇ, ವೋಲ್ಟೇಜ್ ಬರೆದದ್ದೂ ಅದೇ, ಹಾಗಾದರೆ ಕೆಲಸವೂ ಅದೇ ಅಂದುಕೊಂಡೆ. ಈ ಸರ್ಕ್ಯೂಟಿನ ಒಳಗುಟ್ಟು ಇರುವುದು ಇಲ್ಲೇ. ಸುರುಳಿ ಮತ್ತು ಕೆಪಾಸಿಟರ್‌ಗಳು ಸೇರಿ ಉಯ್ಯಾಲೆಯ ಹಾಗೆ ತೂಗುತ್ತವೆ. ತೂಗುವವರು ಮೆಲ್ಲಗೆ ತಳ್ಳಿದರೆ ಸಾಕು, ಉಯ್ಯಾಲೆ ಮಾತ್ರ ಎತ್ತರಕ್ಕೆ ಹೋಗುತ್ತದೆ. 24 ವೋಲ್ಟಿನ ಸಪ್ಲೈಯಿಂದ ಏಳೆಂಟು ಆಂಪಿಯರ್ ಹೋಗುವಾಗ ಸುರುಳಿ ಮತ್ತು ಕೆಪಾಸಿಟರ್‌ಗಳ ನಡುವೆ ಸೆಕೆಂಡಿಗೆ ಒಂದು ಲಕ್ಷ ಸಲ, ಏರಿದ ತುದಿಯಲ್ಲಿ ನೂರು ಆಂಪಿಯರ್ ಹತ್ತಿರ ತೂಗಾಡುತ್ತಿರುತ್ತದೆ. ವೋಲ್ಟೇಜೂ 75ರವರೆಗೆ ಏರುತ್ತದೆ. ಅಷ್ಟು ತೂಗಾಟದಲ್ಲಿ ಪಾಲಿಪ್ರೊಪಿಲೀನ್ ಸಾವಿರದಲ್ಲೊಂದು ಪಾಲಿನಷ್ಟನ್ನು ಶಾಖವಾಗಿ ಕಳೆದರೆ ಪಾಲಿಯೆಸ್ಟರ್ ನೂರರಲ್ಲೊಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು ಕಳೆಯುತ್ತದೆ. ಎರಡು ನಿಮಿಷಕ್ಕೆ ನನ್ನ ಕೆಪಾಸಿಟರ್‌ಗಳು ನೆನೆದ ಕಡಲೆಯ ಹಾಗೆ ಉಬ್ಬಿದವು, ಒಂದು ಸೀಳಿತು. ಇದಾದರೂ ಬೇಗ ಗೊತ್ತಾಯಿತು, ಕಾರಣ ಹುಡುಕಿದೆ, ಬದಲಿಸಿದೆ.

ಮಾಸ್ಫೆಟ್‌ಗಳ ವಿಷಯದಲ್ಲಿ ಆ ಬುದ್ಧಿ ಇರಲಿಲ್ಲ. ಸ್ವಿಚ್ ಹಾಕಿದರೆ ಕೆಲವು ಸಲ ಸರಿಯಾಗಿ ಶುರುವಾಗುತ್ತಿತ್ತು, ಕೆಲವು ಸಲ "ಟಪ್" ಅಂತ ಒಂದು ಮಾಸ್ಫೆಟ್ ಸತ್ತುಹೋಗುತ್ತಿತ್ತು. ಸತ್ತದ್ದನ್ನು ಕಿತ್ತು ಹೊಸದು ಹಾಕುತ್ತಿದ್ದೆ. ಇನ್ನೊಂದು ಸತ್ತರೆ ಇನ್ನೊಂದು. ದಪ್ಪ ಹೀಟ್‌ಸಿಂಕ್ ಹಾಕಿದೆ, ಫ್ಯಾನ್ ಹಾಕಿದೆ. ಒಟ್ಟು ಹನ್ನೊಂದು ಸುಟ್ಟೆ. ಹನ್ನೊಂದು ಸಲವೂ ಸುಟ್ಟದ್ದನ್ನು ನೋಡಿದೆನೇ ಹೊರತು ಸುಟ್ಟದ್ದು ಯಾಕೆ ಅಂತ ಕೂತು ಯೋಚಿಸಲಿಲ್ಲ. ಫ್ಯಾಕ್ಟರಿಯಲ್ಲಿ ಇದೇ ಕೆಲಸವನ್ನು ಇನ್ನೊಬ್ಬರು ಮಾಡಿದ್ದರೆ ನಾನೇ ಬೈಯುತ್ತಿದ್ದೆ.

ಹಾಗೂ ಹೀಗೂ ನಡೆಯುವ ಹಂತಕ್ಕೆ ಬಂದ ಯಂತ್ರವನ್ನು ದೀಪಾವಳಿ ರಜೆಗೆ ಊರಿಗೆ ಒಯ್ದೆ. ಸುರುಳಿಗೆ ನೀರು ಹರಿಸಲು ಕೂಲರಿನ ಪುಟ್ಟ ಪಂಪು, ಒಂದು ಬಕೆಟ್ಟು. ಕುಲುಮೆಯ ಕಟ್ಟೆಯ ಮೇಲೆಯೇ ಇಟ್ಟೆ. ಅಮ್ಮ ಬಂದಳು, ಚಿಕ್ಕಪ್ಪನ ಮಕ್ಕಳು ಬಂದರು, ಕೆರೆ ಹಿಂದಿನ ತೋಟದ ಮಾವ ಬಂದರು. ಉಂಗುರ, ಬಳೆ ತೆಗೆದಿಡಿ ಅಂತ ಎಲ್ಲರಿಗೂ ಹೇಳಿ ಹತ್ತು ಮಿಲಿಮೀಟರಿನ ಬೋಲ್ಟನ್ನು ಇಕ್ಕಳದಲ್ಲಿ ಹಿಡಿದು ಸುರುಳಿಯೊಳಗೆ ಇಳಿಬಿಟ್ಟೆ. ಮೊದಲು ಬೂದು, ಆಮೇಲೆ ಕತ್ತಲಲ್ಲಿ ಮಾತ್ರ ಕಾಣುವ ಕೆಂಪು, ಆಮೇಲೆ ಕುಂಕುಮ. ಮಕ್ಕಳು ಕೂಗಿದರು. ಅಪ್ಪ ಮಾತಾಡಲಿಲ್ಲ, ಹತ್ತಿರ ಬಂದು ಕೂತ.

ಅವತ್ತಿನ ಒಂದು ಗಳಿಗೆ ನನ್ನ ಪಾಲಿಗೆ ಇಡೀ ಕಥೆಯಲ್ಲಿ ಅತ್ಯಂತ ಚೆಂದದ್ದು. ಹಳೆಯ ಸ್ಪೀಕರಿನ ಆಯಸ್ಕಾಂತ ತಂದಿದ್ದೆ. ಕಬ್ಬಿಣ 770 ಡಿಗ್ರಿ ದಾಟಿದರೆ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಕ್ಯೂರಿ ಬಿಂದು ಅನ್ನುತ್ತಾರೆ ಅಂತ ಅಪ್ಪನಿಗೆ ತೋರಿಸಿದೆ. ಕೆಂಪು ಬೋಲ್ಟಿಗೆ ಆಯಸ್ಕಾಂತ ಸೋಕಿಸಿದರೆ ಹಿಡಿಯಲಿಲ್ಲ. ಅಪ್ಪ ಬಣ್ಣವನ್ನೇ ನೋಡುತ್ತಿದ್ದ. "ಹದಕ್ಕೆ ಇನ್ನೊಂದ್ ಚೂರು ಬೇಕು" ಅಂದ. ಹದ ಹಾಕುವಂಥ ಉಕ್ಕುಗಳಿಗೆ ಬೇಕಾದ ಶಾಖ ಆ ಬಿಂದುವಿನಿಂದ ಒಂದಿಷ್ಟು ಮೇಲೆ, 820ರಿಂದ 860ರ ಆಸುಪಾಸು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ನಮ್ಮ ಕುಲುಮೆಗೆ ಕಿಟಕಿ ಯಾಕಿಲ್ಲ ಅಂತ ಚಿಕ್ಕಂದಿನಲ್ಲಿ ಕೇಳುತ್ತಿದ್ದೆ. ಬಿಸಿಲಲ್ಲಿ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆ ಅಂತ ಅಪ್ಪ ಹೇಳುತ್ತಿದ್ದ. ಥರ್ಮಾಮೀಟರ್ ಇಲ್ಲದ ಆ ಕತ್ತಲಿನ ಬೆಲೆ ಅವತ್ತು ತಿಳಿಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಯಾರೋ ಹಾರೆ ತಂದು ಕೊಟ್ಟರು, ಅದು ಸುರುಳಿಯೊಳಗೆ ಹಿಡಿಸಿತು. ಹಿಡಿಸಿತಲ್ಲ ಅಂತ ತೂರಿಸಿಬಿಟ್ಟೆ. ಐದಾರು ಸೆಕೆಂಡಿಗೆ "ಟಪ್". ಎರಡೂ ಮಾಸ್ಫೆಟ್ ಹೋದವು. ಮಕ್ಕಳು ಚದುರಿದರು. ನಾನು ಬೆಸುಗೆ ಕಡ್ಡಿ ಹುಡುಕಲು ಎದ್ದಾಗ ಅಪ್ಪ ಹೇಳಿದ: "ಸಾಯೋಕೆ ಮುಂಚೆ ಆ ಹಸ್ರು ದೀಪ ಮಿಣುಕ್ ಮಿಣುಕ್ ಅಂತು ಕಣವ್ವ. ಬೆಂಕಿಗೆ ಗಾಳಿ ಸಾಲ್ದಂಗೆ."

ಹಸಿರು ದೀಪ ಅಂದರೆ ಸಪ್ಲೈ ಪೆಟ್ಟಿಗೆಯ ಮೇಲಿನ ಎಲ್‌ಇಡಿ. ಬೋರ್ಡಿನ ಲೈಟುಗಳಿಗೆ ಬಳಸುವ 24 ವೋಲ್ಟ್, 15 ಆಂಪಿಯರಿನ ಎಸ್‌ಎಂಪಿಎಸ್ ಅದು. ಹನ್ನೊಂದು ಸಲ ನನ್ನ ಕಣ್ಣು ಮಾಸ್ಫೆಟ್ ಮೇಲಿತ್ತು. ಸರ್ಕ್ಯೂಟಿನ ಚಿಹ್ನೆಯೊಂದನ್ನೂ ಓದಲಾರದ ಅಪ್ಪ ಮೊದಲ ಸಲಕ್ಕೇ ಬೇರೆ ಕಡೆ ನೋಡಿದ್ದ. ರಾತ್ರಿ ಕೂತು ಯೋಚಿಸಿದಾಗ ಎಲ್ಲವೂ ಬಿಡಿಸಿಕೊಂಡಿತು. ಈ ಸರ್ಕ್ಯೂಟಿನಲ್ಲಿ ಎರಡು ಮಾಸ್ಫೆಟ್‌ಗಳು ಸರದಿಯ ಮೇಲೆ ತೆರೆದು ಮುಚ್ಚಬೇಕು. ಒಂದು ತೆರೆದಾಗ ಅದೇ ಇನ್ನೊಂದನ್ನು ಮುಚ್ಚಿಸುತ್ತದೆ. ದಪ್ಪ ಹಾರೆ ಸುರುಳಿ ತುಂಬಿದಾಗ ಸಪ್ಲೈ ಕೊಡಲಾರದಷ್ಟು ಕರೆಂಟು ಎಳೆಯಿತು. ಸಪ್ಲೈ ತನ್ನನ್ನು ಕಾಪಾಡಿಕೊಳ್ಳಲು ವೋಲ್ಟೇಜ್ ಇಳಿಸಿತು. ಉಯ್ಯಾಲೆ ನಿಂತಿತು. ಸರದಿ ತಪ್ಪಿ ಎರಡೂ ಒಟ್ಟಿಗೆ ಅರೆಬರೆ ತೆರೆದುಕೊಂಡವು, ಕರೆಂಟೆಲ್ಲ ಅವುಗಳ ಮೈಮೇಲೆಯೇ ಬಿತ್ತು. ಸ್ವಿಚ್ ಹಾಕುವಾಗ ಸಾಯುತ್ತಿದ್ದುದಕ್ಕೂ ಇದೇ ಕಾರಣ. ಎಸ್‌ಎಂಪಿಎಸ್ ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತದೆ. ಎರಡು ಮಾಸ್ಫೆಟ್‌ಗಳೂ ಒಟ್ಟೊಟ್ಟಿಗೆ ಮೆಲ್ಲಗೆ ತೆರೆದುಕೊಂಡು, ಮೊದಲು ಹೆಜ್ಜೆಯಿಡುವವರು ಯಾರೂ ಇಲ್ಲದೆ ಅಲ್ಲೇ ಸಿಕ್ಕಿಬೀಳುತ್ತಿದ್ದವು.

ಬೆಂಗಳೂರಿಗೆ ಮರಳಿ ಎಲ್ಲ ಸರಿಪಡಿಸಿದೆ. ಮಾಸ್ಫೆಟ್‌ಗಳನ್ನು ತೆರೆಸುವ ಗೇಟುಗಳಿಗೆ ಪ್ರತ್ಯೇಕ 12 ವೋಲ್ಟ್ ಕೊಟ್ಟೆ. ಮುಖ್ಯ ಸಪ್ಲೈ ಪೂರ್ತಿ ಏರಿದ ಮೇಲೆಯೇ ಸರ್ಕ್ಯೂಟಿಗೆ ಸೇರಿಸುವ ರಿಲೇ ಹಾಕಿದೆ. ವೋಲ್ಟೇಜ್ 18ಕ್ಕಿಂತ ಇಳಿದರೆ ತಾನಾಗಿ ಕಡಿದುಹಾಕುವ ಏರ್ಪಾಡು ಮಾಡಿದೆ. ಸಪ್ಲೈಯನ್ನು 25 ಆಂಪಿಯರಿಗೆ ಏರಿಸಿದೆ. ಅದರ ನಂತರ ಇವತ್ತಿನವರೆಗೆ ಒಂದು ಮಾಸ್ಫೆಟ್ಟೂ ಸತ್ತಿಲ್ಲ. ಇದನ್ನು ಬರೆಯುವಾಗ ಹೆಮ್ಮೆ ಇದೆ. ಆಗ ಇನ್ನೂ ಹೆಚ್ಚಿತ್ತು. ಕೆಟ್ಟದ್ದು ಅದೇ.

ಯುಗಾದಿಗೆ ಹೋದಾಗ ಕುಲುಮೆಯ ಮೂಲೆಯಲ್ಲಿ ತೋಟದ ಮಾವನ ಮಚ್ಚು ಇತ್ತು. ಲಾರಿಯ ಕಮಾನು ಪಟ್ಟಿಯಿಂದ ಅಪ್ಪನೇ ವರ್ಷಗಳ ಹಿಂದೆ ಮಾಡಿಕೊಟ್ಟದ್ದು. ಬಾಯಿ ಮೊಂಡಾಗಿದೆ ಅಂತ ಹಣಿಸಲು ಬಿಟ್ಟುಹೋಗಿದ್ದರು. ಅಪ್ಪ ಬಾಯಿ ತಟ್ಟಿ ತೆಳುಮಾಡಿದ್ದ, ಹದ ಹಾಕುವುದೊಂದು ಬಾಕಿ. ಅವನು ತಿಪಟೂರಿಗೆ ಹೋಗಿದ್ದ. ಬರುವಷ್ಟರಲ್ಲಿ ಹೊಗೆಯಿಲ್ಲದೆ ಹದ ಹಾಕಿಟ್ಟು ತೋರಿಸಬೇಕು, "ಮಚ್ಚು ಹಿಡಿಸ್ತದೇನವ್ವ" ಅಂದದ್ದಕ್ಕೆ ಉತ್ತರ ಕೊಡಬೇಕು ಅನ್ನಿಸಿತು. ಇನ್ನೊಂದು ಪೈಪನ್ನು ಮೊಟ್ಟೆಯಾಕಾರಕ್ಕೆ ಬಗ್ಗಿಸಿ ಅಗಲದ ಸುರುಳಿ ಮಾಡಿದೆ. ಅರ್ಧ ಗಂಟೆಯ ಕೆಲಸ. ಅಳತೆ ತೆಗೆಯಲಿಲ್ಲ, ಅಲಗು ಒಳಗೆ ಹೋದರೆ ಸಾಕು ಅಂದುಕೊಂಡೆ.

ಇಂಡಕ್ಷನ್ನಿನಲ್ಲಿ ಶಾಖ ಇದ್ದಿಲಿನ ಶಾಖದ ಹಾಗೆ ಎಲ್ಲ ಕಡೆಯಿಂದ ಮುತ್ತುವುದಿಲ್ಲ. ಸುರುಳಿಗೆ ಹತ್ತಿರವಿದ್ದ ಲೋಹ ಹೆಚ್ಚು ಕಾಯುತ್ತದೆ, ದೂರವಿದ್ದದ್ದು ಕಡಿಮೆ. ದುಂಡಗಿನ ಸರಳಿಗೆ ದುಂಡಗಿನ ಸುರುಳಿ ಸುತ್ತಲೂ ಒಂದೇ ಅಂತರದಲ್ಲಿರುತ್ತದೆ, ಸಮನಾಗಿ ಕಾಯುತ್ತದೆ. ಮಚ್ಚು ದುಂಡಗಿಲ್ಲ. ಅದರ ಕೊಕ್ಕು ಒಂದು ಕಡೆ ತಾಮ್ರಕ್ಕೆ ಹೆಚ್ಚುಕಡಿಮೆ ತಾಗುವಂತಿತ್ತು, ನಡು ದೂರವಿತ್ತು. ಕೊಕ್ಕು ಕುಂಕುಮ ಬಣ್ಣಕ್ಕೆ ಬಂದಾಗ ನಡು ಇನ್ನೂ ಕಪ್ಪಾಗಿತ್ತು. ಕಾದೆ. ಕೊಕ್ಕು ಕಿತ್ತಳೆಯಾಯಿತು, ನಡು ಮಂಕು ಕೆಂಪು. ಇನ್ನೂ ಕಾದೆ. ಕೊಕ್ಕು ಹಳದಿಗೆ ತಿರುಗಿತು. ಅಪ್ಪ ಇದ್ದಿದ್ದರೆ ಆ ಬಣ್ಣ ನೋಡಿ ಕಿರುಚುತ್ತಿದ್ದ. ಗಾಬರಿಯಲ್ಲಿ ಇಕ್ಕಳದಿಂದ ಎಳೆದು ಹತ್ತಿರವಿದ್ದ ನೀರಿನ ಬಾನಿಗೆ ಇಡೀ ಮಚ್ಚು ಅದ್ದಿಬಿಟ್ಟೆ.

ಕಮಾನು ಪಟ್ಟಿಯ ಉಕ್ಕಿಗೆ ಅಪ್ಪ ನೀರು ಬಳಸುವುದೇ ಇಲ್ಲ. ಹೊಂಗೆ ಎಣ್ಣೆಯ ತಗಡಿನ ಡಬ್ಬ ಬಾನಿಯ ಪಕ್ಕದಲ್ಲೇ ಇತ್ತು, ವರ್ಷಗಟ್ಟಲೆ ಅದನ್ನು ನಾನೇ ಎತ್ತಿ ಕೊಟ್ಟಿದ್ದೆ. ಆ ಉಕ್ಕು ನೀರಿನ ಏಟಿಗೆ ತೀರಾ ಬೇಗ ತಣಿಯುತ್ತದೆ, ಹೊರಮೈ ಗಟ್ಟಿಯಾಗಿ ಹಿಗ್ಗುವಾಗ ಒಳಗೆ ಬಿಗಿತ ಕಟ್ಟಿಕೊಳ್ಳುತ್ತದೆ. ಅತಿಯಾಗಿ ಕಾದ ಕಡೆ ಒಳಗಿನ ಹರಳುಗಳು ದಪ್ಪಗಾಗಿ ಮೊದಲೇ ಪೆಡಸಾಗಿರುತ್ತದೆ. ಬಾನಿಯೊಳಗಿಂದ "ಟಿಣ್" ಅಂತ ಒಂದು ಸಣ್ಣ ಸದ್ದು ಬಂತು. ಕಮ್ಮಾರನ ಮನೆಯಲ್ಲಿ ಹುಟ್ಟಿದವರಿಗೆ ಆ ಸದ್ದಿನ ಅರ್ಥ ಯಾರೂ ಹೇಳಬೇಕಿಲ್ಲ. ಕೊಕ್ಕಿನ ಬುಡದಿಂದ ಅಲಗಿನ ನಡುವಿನವರೆಗೆ ಕೂದಲೆಳೆಯಷ್ಟು ಬಿರುಕು.

ಸಂಜೆ ಅಪ್ಪ ಬಂದ. ಮಚ್ಚನ್ನು ಎತ್ತಿ ಬೆರಳ ಗಂಟಿನಿಂದ ತಟ್ಟಿದ. ಸದ್ದು ಒಡಕಾಗಿತ್ತು. ನನ್ನನ್ನು ನೋಡಿದ, ಮೊಟ್ಟೆಯಾಕಾರದ ಸುರುಳಿಯನ್ನು ನೋಡಿದ. ಏನೂ ಕೇಳಲಿಲ್ಲ. ಅಷ್ಟರಲ್ಲಿ ತೋಟದ ಮಾವನೇ ಬಂದರು.

"ಆಯ್ತೇನಪ್ಪ ನಂದು?"

"ಬಿರುಕ್ ಬಿಟ್ತು ಕಣಣ್ಣ. ನನ್ ಕೈಯಾಗೇ ಆಯ್ತು, ಕಾವು ಜಾಸ್ತಿ ಹೊಡೀತು. ಹೊಸುದ್ ಮಾಡ್ಕೊಡ್ತೀನಿ, ಎರಡ್ ದಿನ ತಡ್ಕೊ."

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ನಲವತ್ತು ವರ್ಷ ಆ ಊರಿನಲ್ಲಿ ಹದ ತಪ್ಪದ ಕೈ ಅಂತ ಹೆಸರು ಮಾಡಿದವನು ತಾನು ಮಾಡದ ತಪ್ಪನ್ನು ತನ್ನದು ಅಂದ. "ಮಾವ, ಮಾಡಿದ್ದು ನಾನು" ಅನ್ನಲು ಒಂದು ಉಸಿರು ಸಾಕಿತ್ತು. ಅನ್ನಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು, ಕರೆಂಟಿನಲ್ಲಿ ಕಬ್ಬಿಣ ಕಾಯಿಸುವವಳು ಅಂತ ದೀಪಾವಳಿಯಲ್ಲಿ ಅದೇ ಮಾವ ಬೆನ್ನು ತಟ್ಟಿದ್ದರು. ಆ ಮಾತು ಉಳಿಯಲಿ ಅಂತ ಸುಮ್ಮನಿದ್ದೆ. ವಯಸ್ಸಾಯ್ತು ಇವನಿಗೆ ಅನ್ನುವಂತೆ ಅವರು ಅಪ್ಪನನ್ನು ನೋಡಿದ ನೋಟ ನಾನು ಕಂಡೆ, ಆಗಲೂ ಸುಮ್ಮನಿದ್ದೆ.

ಮುಂದಿನ ಎರಡು ದಿನ ಅಪ್ಪ ಕೆಮ್ಮುತ್ತ ಹೊಸ ಮಚ್ಚು ಹಣಿದ. ನಾನು ಗಾಳಿ ಚಕ್ರ ತಿರುಗಿಸಿದೆ. ಅವನ ಕೆಲಸವನ್ನು ಇಷ್ಟು ಗಮನ ಕೊಟ್ಟು ನೋಡಿದ್ದು ಅದೇ ಮೊದಲಿರಬೇಕು. ಬಾಯಿಯನ್ನು ಮಾತ್ರ ಕಾಯಿಸುತ್ತಾನೆ, ಬೆನ್ನಿಗೆ ಹಸಿ ಇದ್ದಿಲು ಒತ್ತಿ ತಂಪಿಡುತ್ತಾನೆ. ಕೊಕ್ಕು ಬೇಗ ಕಾಯುತ್ತದೆಂದು ಅದನ್ನು ಬೆಂಕಿಯಿಂದ ಆಗಾಗ ಹೊರಗೆಳೆದು ಮತ್ತೆ ತಳ್ಳುತ್ತಾನೆ. ಎಣ್ಣೆಗೆ ಬಾಯಿಯನ್ನಷ್ಟೇ ಇಳಿಸಿ, ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆ ಹರಿದು ಬರಲು ಬಿಡುತ್ತಾನೆ. ಉಜ್ಜಿದ ಬಾಯಿಯ ಮೇಲೆ ಹುಲ್ಲಿನ ಹಳದಿ ಓಡಿ ಬಂದು ಕಂದಾಗುವ ಕ್ಷಣಕ್ಕೆ ಮತ್ತೆ ಅದ್ದುತ್ತಾನೆ. ನನ್ನ ಯಂತ್ರದಲ್ಲಿ ಇದ್ಯಾವುದೂ ಇರಲಿಲ್ಲ. ಬೆಂಕಿಗೆ ಎಂಥ ಆಕಾರದ ಕಬ್ಬಿಣವನ್ನೂ ಒಡ್ಡಬಹುದು, ಸುರುಳಿಗೆ ಅದರ ಆಕಾರದ್ದೇ ಬೇಕು. ಪೀಣ್ಯದ ಗೋಡೆಯಲ್ಲಿ ಚೀಟಿ ಕಟ್ಟಿಕೊಂಡು ತೂಗುತ್ತಿದ್ದ ಸುರುಳಿಗಳನ್ನು ಎರಡು ವರ್ಷ ದಿನವೂ ಕಂಡಿದ್ದೆ. ಅಪ್ಪನಿಗೆ ಏನು ಬೇಕು ಅಂತ ಒಮ್ಮೆಯೂ ಕೇಳಿರಲಿಲ್ಲ. ನನಗೆ ಮಾಡಲು ಬರುವುದನ್ನು ಮಾಡಿ, ಅದೇ ಅವನಿಗೆ ಬೇಕಾದದ್ದು ಅಂದುಕೊಂಡಿದ್ದೆ.

ಎರಡನೆಯ ರಾತ್ರಿ ಕೇಳಿದೆ. "ಹೊಗೆ ಮ್ಯಾಕ್ ಹೋಗಂಗ್ ಮಾಡು, ಸಾಕು" ಅಂದ. ಅಷ್ಟೇ. ಕುಲುಮೆಯ ಮೇಲೆ ತಗಡಿನ ಗೂಡು, ಮಾಡು ದಾಟಿ ಮೇಲೇಳುವ ಕೊಳವೆ, ಚಕ್ರದ ಬದಲು ಒಂದು ಸಣ್ಣ ಬ್ಲೋವರ್ ಮತ್ತು ಅದರ ವೇಗ ಹೆಚ್ಚುಕಡಿಮೆ ಮಾಡುವ ರೆಗ್ಯುಲೇಟರ್. ಒಂದು ವಾರದ ಕೆಲಸ. ಕೆಮ್ಮು ಪೂರ್ತಿ ಹೋಗಿಲ್ಲ. ರಾತ್ರಿ ಎಣಿಸುವ ಸಂಖ್ಯೆ ಮಾತ್ರ ಕಡಿಮೆಯಾಗಿದೆ.

ಇಂಡಕ್ಷನ್ ಹೀಟರ್ ಮೂಲೆ ಸೇರಲಿಲ್ಲ. ಬಡಗಿಗಳ ಉಳಿಗಳ ಮೊನೆ, ಗಾರೆ ಕೆಲಸದವರ ಸಣ್ಣ ಚಾಣ, ಹತ್ತು ಹನ್ನೆರಡು ಮಿಲಿಮೀಟರಿನ ದುಂಡು ಸರಳಿನ ಯಾವುದೇ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡ ಪಂಪ್‌ಸೆಟ್ಟಿನ ನಟ್ಟುಗಳನ್ನು ಬಿಡಿಸಲು ಅದಕ್ಕಿಂತ ಒಳ್ಳೆಯದು ನಮ್ಮೂರಲ್ಲಿಲ್ಲ. ನಟ್ಟು ಕಾದು ಹಿಗ್ಗಿ ಸಡಿಲವಾಗುತ್ತದೆ, ಗ್ಯಾಸಿನ ಜ್ವಾಲೆ ಬಡಿದು ಪಕ್ಕದ ರಬ್ಬರು ಸುಡುವ ಭಯವಿಲ್ಲ. ಅಪ್ಪನೂ ಬಳಸುತ್ತಾನೆ. ತನಗೆ ಬೇಕಾದಾಗ ಮಾತ್ರ.

ತೋಟದ ಮಾವನಿಗೆ ಹೇಳಲು ನನಗೆ ಮುಂದಿನ ದೀಪಾವಳಿಯವರೆಗೆ ಬೇಕಾಯಿತು. ಕುಲುಮೆಯ ಮುಂದೆಯೇ, ಅಪ್ಪನ ಎದುರಿನಲ್ಲೇ ಹೇಳಿದೆ. ಮಚ್ಚು ಸೀಳಿದ್ದು ನಾನು, ಅಪ್ಪ ಊರಲ್ಲೇ ಇರಲಿಲ್ಲ, ನೀವು ಬಂದಾಗ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅವರು ಸ್ವಲ್ಪ ಹೊತ್ತು ಅಪ್ಪನ ಮುಖ ನೋಡಿದರು. ಅಪ್ಪ ತಲೆ ತಗ್ಗಿಸಿ ಇದ್ದಿಲು ಕೆದಕುತ್ತಿದ್ದ. "ಅವತ್ತು ನಿಮ್ಮಪ್ಪನ್ ಮೇಲೆ ಎಲ್ರ ಹತ್ರನೂ ಅಂದ್ಬುಟ್ನಲ್ಲವ್ವ ನಾನು" ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಹೊರಡುವಾಗ ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡರು. ಮೊನೆ ಮಡಚಿಹೋಗಿತ್ತು. "ನಿನ್ ಮಿಷಿನ್ನಾಗ್ ಕಾಯ್ತದಾ ನೋಡು, ಬೇಗ ಆಗ್ತದೆ ಅಂದ್ರಲ್ಲ" ಅಂದರು. ಒಳಗೆ ಹೋಗಿ ಅಳತೆ ಪಟ್ಟಿ ತಂದೆ. 28 ಮಿಲಿಮೀಟರ್ ದಪ್ಪ, ಐದು ಸೆಂಟಿಮೀಟರ್ ಉದ್ದ ಕಾಯಬೇಕು, ಕಾಲು ಕೆಜಿ ಕಬ್ಬಿಣ. ನನ್ನದು 600 ವಾಟು. ಅದರಲ್ಲೂ ಅರ್ಧ ಸುರುಳಿಯ ನೀರಿಗೆ, ಗಾಳಿಗೆ, ಹಾರೆಯ ಉದ್ದಕ್ಕೂ ಹರಿದು ಹೋಗುತ್ತದೆ. ಮಂಕು ಕೆಂಪಿಗೆ ಬಂದು ಅಲ್ಲೇ ನಿಲ್ಲುತ್ತದೆ.

"ಇಲ್ಲ ಮಾವ, ಇದಕ್ಕೆ ಸಾಲಲ್ಲ. ಅಪ್ಪನ ಬೆಂಕೀನೇ ಬೇಕು."

ಅಪ್ಪ ಹಾರೆ ಇಸ್ಕೊಂಡ. ನಾನು ಬ್ಲೋವರಿನ ಸ್ವಿಚ್ ಹಾಕಿದೆ.